32 ಅಡಿಯ ಟ್ರೇಲರ್ ಎಳೆದುಕೊಂಡು ಹೋಗುವಾಗ ಗ್ಯಾಸ್ (ಪೆಟ್ರೋಲ್) ಎಲ್ಲಿ ಹಾಕಿಸುತ್ತೀರಿ?

ಪ್ರಶ್ನೆ, ಡಲ್ಲಾಸ್ ಹತ್ತಿರದಿಂದ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ದಿನಕ್ಕೊಂದು ಹೋಟೆಲ್ ಹತ್ತಿ ಇಳಿಯುವುದು ಕಷ್ಟ. ಅದಕ್ಕೇ 32 ಅಡಿಯ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ, ತೆಗೆದುಕೊಂಡೆವು. ಎಳೆಯುವುದಕ್ಕೆ ಗ್ಯಾಸ್ ಇಂಜಿನ್ನಿನ ಪಿಕಪ್ ಇದೆ. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ವರೆಗೆ ಹೋಗುವ ಆಸೆ. ಹೈವೇಯಲ್ಲಿ ಓಡಿಸುವುದು ರೂಢಿಯಾಗಿದೆ. ಆದರೆ ಗ್ಯಾಸ್ ಸ್ಟೇಷನ್ ಕಂಡರೆ ಎದೆ ಢವಢವ ಅನ್ನುತ್ತದೆ. ಎರಡೂ ಸೇರಿ 50 ಅಡಿ ದಾಟುತ್ತದೆ. ಸುಲಭವಾಗಿ ಹೋಗಿ ಬರುವಂಥ ಜಾಗ ಹೇಗೆ ಹುಡುಕುತ್ತೀರಿ?

ಫೀನಿಕ್ಸ್‌ನಿಂದ

ನಿಮ್ಮ ಭಯ ಸರಿಯಾದದ್ದೇ. ನಾನು ಆರು ವರ್ಷದಿಂದ 30 ಅಡಿಯದನ್ನು ಎಳೆಯುತ್ತಿದ್ದೇನೆ. ಮೊದಲ ವರ್ಷವೇ ಪೆಟ್ಟು ತಿಂದೆ. ನ್ಯೂ ಮೆಕ್ಸಿಕೋದ ಒಂದು ಸಣ್ಣ ಊರು. ರಸ್ತೆಯಿಂದ ನೋಡಿದಾಗ ಪಂಪ್ ಖಾಲಿ ಇತ್ತು, ನುಗ್ಗಿಬಿಟ್ಟೆ. ಗ್ಯಾಸ್ ತುಂಬಿಸಿ ತಲೆಯೆತ್ತಿದರೆ ಎದುರಿಗೆ ಅಂಗಡಿಯ ಗೋಡೆ. ಗೋಡೆಗೂ ಪಂಪಿಗೂ ನಡುವೆ ಸಾಮಾನು ಇಳಿಸುತ್ತಿದ್ದ ವ್ಯಾನ್. ಹಿಂದೆ ಎರಡು ಕಾರು. ವ್ಯಾನ್ ಹೋದ ಮೇಲೆ ಎಡಕ್ಕೆ ಪೂರ್ತಿ ತಿರುಗಿಸಿದೆ. ಟ್ರೇಲರಿನ ಬಾಲ ಬಲಕ್ಕೆ ಬೀಸಿ, ಪಂಪಿನ ಮುಂದೆ ನೆಟ್ಟ ಹಳದಿ ಕಂಬಕ್ಕೆ ತಾಗಿತು. ಟೈಲ್ ಲೈಟ್ ಪುಡಿ. ತಗಡು ಅಂಗೈ ಅಗಲ ಒಳಗೆ ಹೋಗಿತ್ತು.

ಅವತ್ತಿನಿಂದ ಹೊರಗೆ ಬರುವ ದಾರಿ ಕಾಣದೆ ಯಾವ ಬಂಕಿಗೂ ಕಾಲಿಟ್ಟಿಲ್ಲ. ಹಿಂದಿನ ರಾತ್ರಿಯೇ ಗೂಗಲ್ ಮ್ಯಾಪಿನ ಸ್ಯಾಟಲೈಟ್ ಚಿತ್ರದಲ್ಲಿ ಒಂದೊಂದು ಬಂಕನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಮೊದಲು ನೋಡುವುದು ಪಂಪ್ ಯಾವ ಕಡೆ ಮುಖ ಮಾಡಿದೆ ಅಂತ. ಗ್ಯಾಸ್ ತುಂಬಿಸಿ ಮೂಗಿನ ನೇರಕ್ಕೆ ಹೊರಟರೆ ಅಂಗಡಿಗೆ ಗುದ್ದುವ ಹಾಗಿದ್ದರೆ ಆ ಬಂಕ್ ಬೇಡ. ಲೇನ್ ಅಂಗಡಿಯ ಪಕ್ಕಕ್ಕೆ ಸಾಗಿ, ಒಂದು ಗೇಟಿನಲ್ಲಿ ಹೋಗಿ ಇನ್ನೊಂದರಲ್ಲಿ ಬರುವ ಹಾಗಿದ್ದರೆ ಚಿನ್ನ. ಆಮೇಲೆ ತುದಿಯ ಲೇನ್ ನೋಡುತ್ತೇನೆ. ನನ್ನ ಟ್ಯಾಂಕಿನ ಮುಚ್ಚಳ ಎಡಕ್ಕಿದೆ. ಹಾಗಾಗಿ ಸಾಲಿನ ಬಲತುದಿಯಲ್ಲಿ ನಿಂತರೆ ಪಂಪ್ ಎಡಕ್ಕೆ ಸಿಗುತ್ತದೆ, ಬಲಗಡೆ ಪೂರ್ತಿ ಬಯಲು. ಬಂಕಿನ ಮುಂದೆ ರಸ್ತೆಗೆ ಡಿವೈಡರ್ ಇದೆಯಾ ಅಂತಲೂ ನೋಡಿ. ಇದ್ದರೆ ನಿಮಗೆ ಬಲಗೈ ಕಡೆ ಸಿಗುವ ಬಂಕೇ ಆರಿಸಿಕೊಳ್ಳಿ. ಯೂ-ಟರ್ನ್ ಹೊಡೆಯುವ ಗಾಡಿ ಅಲ್ಲ ಅಲ್ವಾ ಇದು.

ಲವ್ಸ್, ಪೈಲಟ್, ಫ್ಲೈಯಿಂಗ್ ಜೆ ಥರದ ಟ್ರಕ್ ಸ್ಟಾಪುಗಳಲ್ಲಿ ಜಾಗ ವಿಶಾಲ. ಆದರೆ ಹಿಂದುಗಡೆ ಲಾರಿಗಳಿಗೆ ಅಂತ ಇರುವ ಲೇನಿನಲ್ಲಿ ಬರೀ ಡೀಸೆಲ್. ನಿಮ್ಮದು ಗ್ಯಾಸ್ ಗಾಡಿ, ಅಲ್ಲಿ ಹೋಗಿ ನಿಂತರೆ ಕೆಲಸ ಆಗುವುದಿಲ್ಲ. ಕೆಲವು ಕಡೆ ಮಾತ್ರ ಆರ್‌ವಿಗಳಿಗೇ, ಅಂದರೆ ನಮ್ಮಂಥ ಮನೆಗಾಡಿಗಳಿಗೇ, ಬೇರೆ ಲೇನ್ ಇರುತ್ತದೆ, ಅಲ್ಲಿ ಗ್ಯಾಸೂ ಸಿಗುತ್ತದೆ. ಯಾವ ಊರಿನದರಲ್ಲಿ ಇದೆ ಅಂತ ಅವರವರ ಆ್ಯಪಿನಲ್ಲೇ ನೋಡಿಕೊಳ್ಳಬಹುದು.

ಇನ್ನೊಂದು, ಟ್ಯಾಂಕ್ ಬರಿದಾಗುವವರೆಗೆ ಕಾಯಬೇಡಿ. ನನ್ನ ಟ್ಯಾಂಕ್ 36 ಗ್ಯಾಲನ್. ಎಳೆಯುವಾಗ ಗ್ಯಾಲನ್ನಿಗೆ 9 ಮೈಲಿ ಬಂದರೆ ಹೆಚ್ಚು. ಲೆಕ್ಕಕ್ಕೆ 324 ಮೈಲಿ, ಆದರೆ ನಾನು 200ಕ್ಕೇ ನಿಲ್ಲಿಸುತ್ತೇನೆ. ಆಗ ಈ ಬಂಕ್ ಇಕ್ಕಟ್ಟು ಅನ್ನಿಸಿದರೆ ಮುಂದಿನದಕ್ಕೆ ಹೋಗುವ ಧೈರ್ಯ ಇರುತ್ತದೆ. ಯೂಟಾದಲ್ಲಿ ಐ-70 ಹೈವೇ ಮೇಲೆ ಗ್ರೀನ್ ರಿವರ್‌ನಿಂದ ಸಲೀನಾವರೆಗೆ 100 ಮೈಲಿಗೂ ಜಾಸ್ತಿ ದೂರ ಒಂದೇ ಒಂದು ಬಂಕ್ ಇಲ್ಲ. ಅಲ್ಲಿ ಕಾಲು ಟ್ಯಾಂಕ್ ಇಟ್ಟುಕೊಂಡು ಹೊರಟವರ ಪಾಡು ಬೇಡ.

ಎಲ್ಲಕ್ಕಿಂತ ಸುಲಭದ ಉಪಾಯ ಇದು. ಸಂಜೆ ಕ್ಯಾಂಪ್‌ಗ್ರೌಂಡಿಗೆ ಹೋಗಿ ಟ್ರೇಲರ್ ಕಳಚಿಡಿ. ಆಮೇಲೆ ಬರೀ ಪಿಕಪ್ ತೆಗೆದುಕೊಂಡು ಹೋಗಿ ಫುಲ್ ಟ್ಯಾಂಕ್ ಮಾಡಿಸಿ ಬನ್ನಿ. ಬೆಳಿಗ್ಗೆ ಯಾವ ಚಿಂತೆಯೂ ಇಲ್ಲ.

ಹ್ಯೂಸ್ಟನ್‌ನಿಂದ

ನಮ್ಮದು ಡೀಸೆಲ್ ಪಿಕಪ್, ಜೊತೆಗೆ ಫಿಫ್ತ್ ವೀಲ್ (ಪಿಕಪ್ಪಿನ ಹಿಂಭಾಗದ ತೊಟ್ಟಿಯೊಳಗೆ ಕೊಂಡಿ ಹಾಕುವ ಟ್ರೇಲರ್). ಡೀಸೆಲ್‌ನವರು ಇದನ್ನು ಓದುತ್ತಿದ್ದರೆ ಅವರಿಗೆ ಎರಡು ಮಾತು. ಲಾರಿ ಲೇನಿನಲ್ಲಿ ನಾಝಲ್ ದಪ್ಪ, ಹರಿವು ಜೋರು. ಕೆಲವು ಪಿಕಪ್‌ಗಳ ಬಾಯಿಗೆ ಅದು ಹೋಗುವುದೇ ಇಲ್ಲ. ಹೋದರೂ ನಿಧಾನವಾಗಿ ಒತ್ತಿ, ಇಲ್ಲದಿದ್ದರೆ ನೊರೆ ಉಕ್ಕಿ ಬರುತ್ತದೆ. ತುಂಬಿದ ಮೇಲೆ ಪಂಪಿನ ಹತ್ತಿರವೇ ಬಿಟ್ಟು ಕಾಫಿಗೆ ಹೋಗಬೇಡಿ. ಮುಂದೆ ಗೆರೆಯವರೆಗೆ ಎಳೆದು ನಿಲ್ಲಿಸಿ ಹೋಗಿ. ಹಿಂದೆ ನಿಂತ ಲಾರಿಯವರಿಗೆ ಅದು ಹೊಟ್ಟೆಪಾಡು, ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಟೆಕ್ಸಸ್ ಒಳಗೆ ಗ್ಯಾಸ್ ಗಾಡಿಗೆ ಬಕೀಸ್ ಅನ್ನುವ ದೊಡ್ಡ ಬಂಕುಗಳು ಒಳ್ಳೆಯವು. ದೊಡ್ಡ ಲಾರಿಗಳನ್ನು ಅವರು ಬಿಡುವುದಿಲ್ಲ, ಆರ್‌ವಿ ಬಿಡುತ್ತಾರೆ. ಹೊರಸಾಲಿಗೆ ಹೋಗಿ. ಶನಿವಾರ ಮಧ್ಯಾಹ್ನ ಮಾತ್ರ ಬೇಡ.

ಡೆನ್ವರ್‌ನಿಂದ

ಡಲ್ಲಾಸ್‌ನಿಂದ ನೀವು 287 ಹೈವೇಯಲ್ಲಿ ಅಮರಿಲ್ಲೋ, ಅಲ್ಲಿಂದ ರಟೋನ್, ಆಮೇಲೆ ಐ-25 ಹಿಡಿದು ಕ್ಯಾಸ್ಪರ್‌ಗೆ ಬರುತ್ತೀರಿ ಅಂದುಕೊಂಡಿದ್ದೇನೆ. ಕ್ಯಾಸ್ಪರ್‌ನಲ್ಲಿ ತುಂಬಿಸದೆ ಮುಂದೆ ಹೋಗಬೇಡಿ. ಅಲ್ಲಿಂದ ಶೊಶೋನಿಗೆ ಹತ್ತಿರಹತ್ತಿರ 100 ಮೈಲಿ, ಮಧ್ಯೆ ಬಯಲೋ ಬಯಲು. ವಯೋಮಿಂಗ್‌ನಲ್ಲಿ ಗಾಳಿ ಎದುರಾದರೆ ಗ್ಯಾಲನ್ನಿಗೆ 9 ಮೈಲಿ ಬರುವುದು 7ಕ್ಕೆ ಇಳಿಯುತ್ತದೆ.

ನಮ್ಮ ಕಡೆ ಎತ್ತರದ ಊರುಗಳಲ್ಲಿ ರೆಗ್ಯುಲರ್ ಅಂತ ಸಿಗುವುದು 85 ಆಕ್ಟೇನ್ (ಭಾರ ಬಿದ್ದಾಗ ಇಂಜಿನ್ ಬಡಿದುಕೊಳ್ಳದಂತೆ ತಡೆಯುವ ಗುಣದ ಅಂಕೆ). ಟೆಕ್ಸಸ್‌ನ ರೆಗ್ಯುಲರ್ 87. ಸುಮ್ನೆ ಕಡಿಮೆ ಬೆಲೆಯ ಗುಂಡಿ ಒತ್ತಬೇಡಿ, ಅಷ್ಟು ಭಾರ ಎಳೆಯುತ್ತಾ ಘಾಟಿ ಹತ್ತಬೇಕು. ಪಿಕಪ್ಪಿನ ಕೈಪಿಡಿಯಲ್ಲಿ 87 ಅಂತ ಇದ್ದರೆ ಅದನ್ನೇ ಹಾಕಿಸಿ.

ಬಂಕಿಗೆ ಹೋಗುವ ಮೊದಲೇ ಟ್ರೇಲರಿನ ಪ್ರೊಪೇನ್ (ಒಲೆ, ಫ್ರಿಜ್‌ಗೆ ಬಳಸುವ ಸಿಲಿಂಡರ್ ಅನಿಲ) ಆಫ್ ಮಾಡಿ. ಫ್ರಿಜ್ ಪ್ರೊಪೇನ್‌ನಲ್ಲಿ ಓಡುತ್ತಿದ್ದರೆ ಒಳಗೆ ಬೆಂಕಿ ಉರಿಯುತ್ತಿರುತ್ತದೆ. ಹೊಸಬರಿಗೆ ಇದು ನೆನಪೇ ಆಗುವುದಿಲ್ಲ.

ಸ್ಯಾನ್ ಹೋಸೆಯಿಂದ

ನಾನು ಓಡಿಸುವುದಿಲ್ಲ, ಪಕ್ಕದ ಸೀಟಿನವಳು. ನಮ್ಮ ಮನೆಯಲ್ಲಿ ಬಂಕ್ ಹುಡುಕುವುದು ನನ್ನ ಕೆಲಸ. ಯಜಮಾನರು ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಜಾಗ ಇದ್ದರೆ ನಿಲ್ಲಿಸುತ್ತಾರೆ. ನಾನು ಇಳಿದು ನಡೆದು ಹೋಗಿ ನೋಡುತ್ತೇನೆ. ಚಾವಣಿಯ ಮೇಲೆ ಬರೆದ ಎತ್ತರ ನೋಡುತ್ತೇನೆ. ಟ್ರೇಲರಿನ ತಲೆ ಮೇಲಿನ ಏಸಿ ಸೇರಿಸಿ ನಮ್ಮದು 11 ಅಡಿ 4 ಇಂಚು, ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇವೆ. ಫೋನ್ ಸ್ಪೀಕರಿನಲ್ಲಿ ಇಟ್ಟುಕೊಂಡು ಹಿಂದುಗಡೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್" ಅನ್ನುತ್ತೇನೆ. ಊರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿ ಬೆಳೆದ ಮಾತು, ಇಬ್ಬರಿಗೂ ಗಲಿಬಿಲಿ ಆಗುವುದಿಲ್ಲ. ಅಮ್ಮನವರಿಗೆ ಮಂಡಿನೋವು ಅಂದಿರಿ. ಗ್ಯಾಸ್ ಹಾಕಿಸುವ ಜಾಗದಲ್ಲಿ ಅವರನ್ನು ಇಳಿಸಬೇಡಿ, ಕಾರುಗಳ ನಡುವೆ ನಡೆಯಬೇಕಾಗುತ್ತದೆ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದರೆ ಟ್ರೇಲರಿನ ಬಾತ್‌ರೂಮೇ ಸಾಕು.

ಮತ್ತೆ ಡಲ್ಲಾಸ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ವಿಚಿಟಾ ಫಾಲ್ಸ್, ಚಿಲ್ಡ್ರೆಸ್ ಎರಡೂ ಊರುಗಳನ್ನು ಮೇಲಿನಿಂದ ನೋಡಿದೆ. ಚಿಲ್ಡ್ರೆಸ್‌ನಲ್ಲಿ ಎರಡು ಗೇಟಿನ ಬಂಕ್ ಗುರುತು ಹಾಕಿದ್ದೇನೆ. ಅಮರಿಲ್ಲೋದಲ್ಲಿ ಟ್ರೇಲರ್ ಕಳಚಿಯೇ ತುಂಬಿಸುತ್ತೇನೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು, ಶಿರಾಡಿ ಘಾಟಿಯಲ್ಲಿ ಬಸ್ ಓಡಿಸಿದವರು. ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳಿದೆ. "ಹಿಂದೆ ನಿಲ್ಲೋದು ನಾನು, ನೀನು ಕನ್ನಡಿ ನೋಡ್ಕೊಂಡು ಮೆಲ್ಲಗೆ ಬಿಡು" ಅಂದರು.