ಚಪ್ಪರದ ದ್ರಾಕ್ಷಿ ಬಳ್ಳಿ: ಎಲ್ಲಿ ಕತ್ತರಿಸಬೇಕು, ಎಷ್ಟು ಬಿಡಬೇಕು?

ಪ್ರಶ್ನೆ: ಚಿಂತಾಮಣಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ, ನೀರಿನ ಸಂಪಿನ ಮೇಲೆ ಒಂದು ದ್ರಾಕ್ಷಿ ಚಪ್ಪರ ಇದೆ. ಬೆಂಗಳೂರು ಬ್ಲೂ, ಅದೇ ಬೀಜ ಇರುವ ಕಪ್ಪು ದ್ರಾಕ್ಷಿ. ನಮ್ಮ ಅತ್ತೆ ನೆಟ್ಟಿದ್ದು. ಅವರಿದ್ದಾಗ ಗೊಂಚಲು ಜೋತು ಬಿದ್ದು ತಲೆಗೆ ತಾಗುತ್ತಿತ್ತು. ಈಗ ಬರೀ ಎಲೆ, ಚಪ್ಪರದ ಕೆಳಗೆ ಮಧ್ಯಾಹ್ನವೂ ಕತ್ತಲು. ಪಕ್ಕದ ಮನೆ ಕಾಂಪೌಂಡ್ ಮೇಲೆ ಹೋದ ಬಳ್ಳಿಯಲ್ಲಿ ಮಾತ್ರ ನಾಲ್ಕು ಗೊಂಚಲು ಬರುತ್ತವೆ.

ಕತ್ತರಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಅಂತ ಯಾರೂ ತೋರಿಸುವುದಿಲ್ಲ. ಯೂಟ್ಯೂಬ್‌ನಲ್ಲಿ ವಿದೇಶದವರು ಎಲೆ ಉದುರಿ ಬೋಳಾದ ಬಳ್ಳಿ ಕತ್ತರಿಸುತ್ತಾರೆ. ನಮ್ಮದು ಬೋಳಾಗುವುದೇ ಇಲ್ಲವಲ್ಲ? ದಸರಾ ಮುಗಿದ ಮೇಲೆ ಕೈ ಹಾಕೋಣ ಅಂತಿದ್ದೇನೆ. ಪಕ್ಕದ ಮನೆ ಅಜ್ಜಿ ಮಾತ್ರ, ಕತ್ತರಿಸಿದರೆ ಬಳ್ಳಿ ಕಣ್ಣೀರು ಹಾಕಿ ಒಣಗಿಹೋಗುತ್ತದೆ ಅಂತಾರೆ. ನಿಜವಾ?

ಉತ್ತರ: ನಂದಿ ತಪ್ಪಲಿನಿಂದ

ಅಕ್ಕ, ಧೈರ್ಯವಾಗಿ ಕತ್ತರಿಸಿ. ನಮ್ಮದು ನಂದಿ ಬೆಟ್ಟದ ಕೆಳಗೆ ದ್ರಾಕ್ಷಿ ತೋಟ, ಚಿಕ್ಕಂದಿನಿಂದ ಈ ಕೆಲಸ ಮಾಡಿಕೊಂಡು ಬಂದವನು ನಾನು. ಚಳಿ ದೇಶದಲ್ಲಿ ಎಲೆ ಉದುರಿಸಿ ಬಳ್ಳಿಗೆ ಬಿಡುವು ಕೊಡುವುದು ಚಳಿಗಾಲ. ನಮ್ಮ ಕಡೆ ಅಂಥ ಚಳಿ ಇಲ್ಲ, ಬಳ್ಳಿ ವರ್ಷವಿಡೀ ಹಬ್ಬುತ್ತಲೇ ಇರುತ್ತದೆ. ಇಲ್ಲಿ ಆ ಕೆಲಸ ಕತ್ತರಿಯೇ ಮಾಡಬೇಕು. ಕತ್ತರಿಸಿದ ದಿನವೇ ಬಳ್ಳಿಗೆ ಯುಗಾದಿ.

ಹಣ್ಣು ಎಲ್ಲಿ ಕಚ್ಚುತ್ತದೆ ಅಂತ ಗೊತ್ತಾದರೆ ಎಲ್ಲಿ ಕತ್ತರಿಸಬೇಕು ಅನ್ನುವುದೂ ಗೊತ್ತಾಗುತ್ತದೆ. ಹೋದ ಸಲ ಬೆಳೆದು, ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್ ದಪ್ಪದ ಕಡ್ಡಿ ಇದೆಯಲ್ಲ, ಅದರ ಕಣ್ಣಿನಿಂದ ಬರುವ ಹೊಸ ಚಿಗುರಿನಲ್ಲೇ ಗೊಂಚಲು. ಅಂಥ ಒಂದು ಕಡ್ಡಿ ಬಗ್ಗಿಸಿ ನೋಡಿ. ಗೆಣ್ಣಿನ ಹತ್ತಿರ, ಎಲೆ ತೊಟ್ಟಿನ ಬುಡದಲ್ಲಿ ಉಬ್ಬಿದ ಕಣ್ಣು ಕಾಣುತ್ತದೆ. ಬುಡದಿಂದ ಎಣಿಸಿ ಎರಡು ಮೂರು ಕಣ್ಣು ಬಿಡಿ. ಕೊನೆಯ ಕಣ್ಣಿನಿಂದ ಸುಮಾರು 1 ಸೆಂಟಿಮೀಟರ್ ಮೇಲೆ ಕತ್ತರಿಸಿ. ಕಣ್ಣಿಗೆ ತೀರಾ ಹತ್ತಿರ ಕತ್ತರಿಸಿದರೆ ಅದೂ ಒಣಗುತ್ತದೆ. ಕತ್ತರಿಸಿದ ಜಾಗದಲ್ಲಿ ಹಸಿರು ತೇವ ಕಂಡರೆ ಕಡ್ಡಿಗೆ ಜೀವ ಇದೆ. ಒಣ ಕಂದು ಕಂಡರೆ ಇನ್ನೂ ಕೆಳಗೆ ಹೋಗಿ.

ಸಣಕಲು ಕಡ್ಡಿ, ಒಂದರ ಮೇಲೊಂದು ಹೆಣೆದುಕೊಂಡಿದ್ದು, ಎಲ್ಲಾ ತೆಗೆಯಿರಿ. ಚಪ್ಪರದ ಮುಕ್ಕಾಲು ಪಾಲು ನೆಲಕ್ಕೆ ಬೀಳುತ್ತದೆ, ಹೆದರಬೇಡಿ. ಕಡ್ಡಿ ಬೆಳೆಯುವಾಗ ಕಣ್ಣಿಗೆ ಬಿಸಿಲು ತಾಗಿದರೆ ಮಾತ್ರ ಅದರೊಳಗೆ ಗೊಂಚಲು ಮೂಡುವುದು. ಕಾಂಪೌಂಡ್ ಮೇಲಿನ ಬಳ್ಳಿಯಲ್ಲಷ್ಟೇ ಹಣ್ಣು ಬರುವುದು ಅದಕ್ಕೇ.

ಅಜ್ಜಿ ಹೇಳಿದ ಹಾಗೆ ತುದಿಯಿಂದ ನೀರು ತೊಟ್ಟಿಕ್ಕಬಹುದು. ಅದು ಬೇರು ನೀರು ಎತ್ತುತ್ತಿರುವ ಗುರುತು. ತಾನಾಗಿ ನಿಲ್ಲುತ್ತದೆ, ಬಳ್ಳಿ ಒಣಗುವುದಿಲ್ಲ. ಒಂದು ವಾರ ಮೊದಲೇ ನೀರು ಕಡಿಮೆ ಮಾಡಿ. ಕತ್ತರಿಸಿದ ಮೇಲೆ ಬುಡ ಬಿಡಿಸಿ ಕೊಟ್ಟಿಗೆ ಗೊಬ್ಬರ ಕೊಡಿ. ಅಕ್ಟೋಬರ್‌ನಲ್ಲಿ ಕತ್ತರಿಸಿದರೆ ಹೆಚ್ಚು ಕಡಿಮೆ ಮಾರ್ಚ್‌ಗೆ ಹಣ್ಣು. ಈ ತಳಿಗೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ನಮ್ಮ ಸೀಮೆಗೆ ಹೇಳಿ ಮಾಡಿಸಿದ ಹಣ್ಣು, ದಯವಿಟ್ಟು ಬಳ್ಳಿ ಕಿತ್ತು ಹಾಕಬೇಡಿ.

ಉತ್ತರ: ಮಾಲೂರಿನಿಂದ

ಅಣ್ಣ ಹೇಳಿದ್ದು ಬೆಂಗಳೂರು ಬ್ಲೂಗೆ ಸರಿ. ಇದನ್ನು ಓದಿ ದಿಲ್‌ಖುಷ್ ಅನ್ನುವ ಬೇರೆ ತಳಿಯ ಬಳ್ಳಿಗೂ ಹೀಗೇ ಮಾಡಬೇಡಿ. ಅದರಲ್ಲಿ ಬುಡದ ಕಣ್ಣಿಗೆ ಹಣ್ಣು ಕಡಿಮೆ. ಏಪ್ರಿಲ್‌ನಲ್ಲಿ ಗಿಡ್ಡಕ್ಕೆ ಕತ್ತರಿಸಿ ಕಡ್ಡಿ ಬೆಳೆಸಿಕೊಳ್ಳಬೇಕು, ಅಕ್ಟೋಬರ್‌ನಲ್ಲಿ ಉದ್ದ ಬಿಟ್ಟು ಕತ್ತರಿಸಬೇಕು.

ಮೇಡಂ, ಹಿಂಗಾರು ಮಳೆ ಹಿಡಿದರೆ ಎಳೆ ಎಲೆಯ ಹಿಂದೆ ಬಿಳಿ ಬೂಸ್ಟು ಬರುತ್ತದೆ. ಕತ್ತರಿಸಿದ ಕೂಡಲೇ ಬೋಳು ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಿರಿ. 10 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಬೆರೆಸಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಇನ್ನಷ್ಟು ಸುಣ್ಣ ಬೇಕು. ಚಪ್ಪರ ಇರುವುದು ಸಂಪಿನ ಮೇಲೆ ಅಂದಿರಲ್ಲ, ಹೊಡೆಯುವ ಮುಂಚೆ ಮುಚ್ಚಳದ ಮೇಲೆ ಟಾರ್ಪಾಲ್ ಹಾಕಿ.

ಚಿಂತಾಮಣಿಯಿಂದ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕತ್ತರಿಸಿದ ಕಡ್ಡಿ ನೆಟ್ಟರೆ ಬರುತ್ತದಾ? ಅತ್ತೆಯ ಬಳ್ಳಿ ಅಂತ ನಾದಿನಿ ಒಂದು ಗಿಡ ಕೇಳುತ್ತಿದ್ದಾಳೆ.

ನಂದಿ ತಪ್ಪಲಿನಿಂದ

ಚೆನ್ನಾಗಿ ಬರುತ್ತದೆ ಅಕ್ಕ. ನಾಲ್ಕು ಕಣ್ಣಿನ ಕಂದು ಕಡ್ಡಿ ಆರಿಸಿ. ಬುಡ ನೇರವಾಗಿ, ತುದಿ ಓರೆಯಾಗಿ ಕತ್ತರಿಸಿಕೊಳ್ಳಿ, ಆಗ ತಲೆಕೆಳಗಾಗಿ ನೆಡುವ ಭಯ ಇಲ್ಲ. ಎರಡು ಕಣ್ಣು ಮಣ್ಣೊಳಗೆ, ಎರಡು ಹೊರಗೆ. ನೆರಳಲ್ಲಿಟ್ಟು ತೇವ ಆರದ ಹಾಗೆ ನೋಡಿಕೊಳ್ಳಿ. ಒಂದು ಗಿಡ ಬೇಕಿದ್ದರೂ ಐದಾರು ಕಡ್ಡಿ ನೆಡಿ, ಎಲ್ಲವೂ ಬೇರು ಬಿಡುವುದಿಲ್ಲ.