ಸಹಾಯ ಬೇಕು: ಲಾರಿ ಓಡಿಸುವ ತಮ್ಮನ ಕುಡಿತ ಬಿಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಹನ್ನೊಂದು ವರ್ಷಗಳಿಂದ ಲಾರಿ ಚಾಲಕನಾಗಿದ್ದು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಮುಂಬೈಗೆ ಸರಕು ಸಾಗಿಸುತ್ತಾನೆ. ಮೊದಲು ಗಾಡಿ ನಿಲ್ಲಿಸಿದ ಮೇಲೆ ನಿದ್ದೆಗೆಂದು ಕುಡಿಯುತ್ತಿದ್ದವನಿಗೆ ಈಗ ಬೆಳಗ್ಗೆಯೇ ಒಂದು ಕ್ವಾರ್ಟರ್ ಒಳಗೆ ಹೋಗದಿದ್ದರೆ ಕೈ ನಡುಕ ನಿಲ್ಲುವುದಿಲ್ಲ. ಕಳೆದ ವಾರ ಅವನ ಕೈಯಲ್ಲಿ ಚಹಾದ ಕಪ್ಪು ಬಸಿಗೆ ಬಡಿದು ಕಟಕಟ ಎನ್ನುವುದನ್ನು ಕಂಡು ಅಮ್ಮ ಮಾತಿಲ್ಲದೆ ಅಡುಗೆಮನೆಗೆ ಎದ್ದುಹೋದರು.

ಕಾರ್ಮಿಕ ಕಾನೂನು ದಿನಕ್ಕೆ 8 ಗಂಟೆಯ ಕೆಲಸ ಎನ್ನುತ್ತದೆಯಾದರೂ, ಕ್ಲೀನರ್ ಕೂಡ ಇಲ್ಲದೆ ರಾತ್ರಿಯಿಡೀ ಓಡಿಸುವವನನ್ನು ಮಾಲೀಕರು ಕೇಳುವುದು ಲೋಡು ಯಾವಾಗ ಮುಟ್ಟುತ್ತದೆ ಎಂದಷ್ಟೇ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದರೆ ಅಪರಾಧ, ಮೊದಲ ಸಲವೇ 10,000 ರೂಪಾಯಿ ದಂಡ, ಜೈಲು ಅಥವಾ ಎರಡೂ. ನನಗಾದರೋ ದಂಡಕ್ಕಿಂತ ಎದುರಿಗೆ ಬರುವವರ ಜೀವದ ಭಯವೇ ಹೆಚ್ಚು.

ಇಷ್ಟು ಕುಡಿಯುವವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿರುವುದರಿಂದ ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಧೈರ್ಯ ನನಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಮನೆಯವರನ್ನು ಕರೆದೊಯ್ದವರಿದ್ದರೆ, ಮೊದಲ ದಿನ ಯಾವ ಕಾಗದಪತ್ರ ಬೇಕು, ಜೊತೆಯಲ್ಲಿ ಒಬ್ಬರು ಉಳಿಯಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ. ವ್ಯಸನಮುಕ್ತಿಗಾಗಿ ಇರುವ 14446 ಸಹಾಯವಾಣಿಗೆ ಕರೆಮಾಡಿದವರ ಅನುಭವವೂ ಬೇಕಾಗಿದೆ. ಮುಂದಿನ ಸೋಮವಾರ ಅವನು ಮತ್ತೆ ಲೋಡಿಗೆ ಹೊರಡಲಿದ್ದಾನೆ.