ಹೊರಗಿನಿಂದ ನೀರು ಒತ್ತಿದರೆ ಪೈಪ್ ಎಷ್ಟು ತಡೆಯುತ್ತೆ? ಪರೀಕ್ಷೆ ಮಾಡಿದವರು ಹೇಳಿ

ಪ್ರಶ್ನೆ (ಹಾಸನ, ಮೆಕ್ಯಾನಿಕಲ್ ಕೊನೆಯ ವರ್ಷದ ವಿದ್ಯಾರ್ಥಿನಿ):
ನಮ್ಮ ಪ್ರಾಜೆಕ್ಟಿಗೆ 110 ಎಂ.ಎಂ. ಪಿವಿಸಿ ಪೈಪಿನ ಎರಡೂ ಬಾಯಿ ಮುಚ್ಚಿ, ಹೊರಗಿನ ನೀರಿನ ಒತ್ತಡಕ್ಕೆ ಅದು ಯಾವಾಗ ಚಪ್ಪಟೆಯಾಗುತ್ತೆ ಅಂತ ನೋಡಬೇಕು. ಪೈಪಿನ ದಪ್ಪ 2.5 ಎಂ.ಎಂ. ಹಗ್ಗ ಕಟ್ಟಿ ಗೊರೂರು ಹಿನ್ನೀರಿಗೆ ಇಳಿಸಿದರೆ ಸಾಕಾ?

ಉತ್ತರ (ಹಾಸನ):
ಬೇಡಮ್ಮ. ಖಾಲಿ ಪೈಪ್ ತೇಲುತ್ತೆ, ಮುಳುಗಿಸೋಕೇ ಕಲ್ಲು ಕಟ್ಟಬೇಕು. 10 ಮೀಟರ್ ನೀರಿಗೆ ಸುಮಾರು 1 ಬಾರ್ ಒತ್ತಡ. ಲೆಕ್ಕದ ಪ್ರಕಾರ ನಿನ್ನ ಪೈಪ್ 8-9 ಮೀಟರ್ ಆಳದಲ್ಲೇ ಚಪ್ಪಟೆಯಾಗುತ್ತೆ. ಆದರೆ ಹೇಗೆ ಚಪ್ಪಟೆಯಾಯ್ತು ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗಲ್ಲ.

ನಾವು ಬಿ.ಎಂ. ರಸ್ತೆಯ ಲೇತ್ ಅಂಗಡಿಯಲ್ಲಿ ದಪ್ಪ ಉಕ್ಕಿನ ಪೈಪಿಗೆ ಫ್ಲೇಂಜ್ (ಬೋಲ್ಟ್ ಹಾಕಿ ಬಾಯಿ ಮುಚ್ಚುವ ಅಗಲ ಅಂಚು) ಹಾಕಿಸಿದೆವು. ನಮ್ಮ ಪೈಪನ್ನು ಅದರೊಳಗೆ ಇಟ್ಟು, ಸುತ್ತ ನೀರು ತುಂಬಿ, ಪ್ಲಂಬರ್‌ಗಳ ಕೈಪಂಪಿನಲ್ಲಿ ಒತ್ತಡ ಏರಿಸಿದೆವು. ಆ ಪಂಪಿನ ಗೇಜ್ ಇಷ್ಟು ಸಣ್ಣ ಒತ್ತಡಕ್ಕೆ ಅಲ್ಲ, 2.5 ಬಾರ್‌ನದು ಹಾಕಿಸು. ಉಕ್ಕಿನ ಪೈಪಿನೊಳಗಿನ ಗಾಳಿಯನ್ನು ಪೂರ್ತಿ ಹೊರಗೆ ಬಿಡು. ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ಸಿಕ್ಕಿಕೊಂಡರೆ ಅಪಾಯ. ಕಂಪ್ರೆಸರ್ ಅಂತೂ ಮುಟ್ಟಲೇಬೇಡ.

ನನಗೆ ಜಾಸ್ತಿ ಕಲಿಸಿದ್ದು ಇದು: ಪರೀಕ್ಷೆಯ ಪೈಪಿನ ಒಳಗೂ ನೀರು ತುಂಬಿ, ಸಣ್ಣ ನಳಿಗೆಯಿಂದ ಅದನ್ನು ಹೊರಗಿನ ಗಾಜಿನ ಕೊಳವೆಗೆ ತರಬೇಕು. ಪೈಪ್ ಕುಗ್ಗಿದಷ್ಟೂ ಕೊಳವೆಯಲ್ಲಿ ನೀರು ಏರುತ್ತೆ. ನಮ್ಮದರಲ್ಲಿ ಮೊದಲು ಒಂದೊಂದು ಸಲ ಪಂಪ್ ಒತ್ತಿದಾಗಲೂ ಒಂದೇ ಸಮ, ಕೂದಲೆಳೆಯಷ್ಟು ಏರಿತು. ಆಮೇಲೆ ಬೇಗ ಬೇಗ. ಕೊನೆಗೆ ಗೇಜಿನ ಮುಳ್ಳು ನಿಂತಲ್ಲೇ ನಿಂತಿತು, ಕೊಳವೆಯ ನೀರು ಮಾತ್ರ ಏರುತ್ತಲೇ ಹೋಯಿತು. ಎಲ್ಲರೂ ಸುಮ್ಮನೆ ಅದನ್ನೇ ನೋಡುತ್ತಾ ನಿಂತೆವು. ಬಿಚ್ಚಿದಾಗ ಪೈಪಿನ ನಡುಭಾಗ ಎರಡು ಕಡೆಯಿಂದ ಹಿಚುಕಿದ ಹಾಗಿತ್ತು. ಒಡೆದಿರಲಿಲ್ಲ.

ಉದ್ದ ವ್ಯಾಸದ ಹತ್ತು ಪಟ್ಟಾದರೂ ಇರಲಿ. ಗಿಡ್ಡ ತುಂಡಾದರೆ ಮುಚ್ಚಳಗಳೇ ಆಸರೆ ಕೊಡುತ್ತವೆ, ಅಂಕಿ ಸುಮ್ನೆ ಜಾಸ್ತಿ ಬರುತ್ತೆ. ಶುರು ಮಾಡುವ ಮೊದಲು ಪೈಪ್ ಎಷ್ಟು ದುಂಡಗಿದೆ ಅಂತ ಡಯಲ್ ಗೇಜ್ (ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ಸುತ್ತ ಎಂಟು ಕಡೆ ಅಳೆ. ಬಿಸಿಲಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ಪೈಪ್ ಸ್ವಲ್ಪ ಮೊಟ್ಟೆಯಾಕಾರ ಆಗಿರುತ್ತೆ, ಬೇಗ ಸೋಲುತ್ತೆ. ದಪ್ಪವನ್ನೂ ಹಾಗೇ ಹಲವು ಕಡೆ ಅಳೆ. ಅದು ದುಪ್ಪಟ್ಟಾದರೆ ತಡೆಯುವ ಶಕ್ತಿ ಸುಮಾರು ಎಂಟು ಪಟ್ಟು, ಹಾಗಾಗಿ ಸಣ್ಣ ತಪ್ಪೂ ದೊಡ್ಡದಾಗುತ್ತೆ.

ಉತ್ತರ (ಮೂಡಿಗೆರೆ):
ನಮ್ಮ ತೋಟದ ಬೋರ್‌ವೆಲ್ ಕೇಸಿಂಗ್ ಹೀಗೇ ಚಪ್ಪಟೆಯಾಗಿ, ಮೋಟರ್ ಮೇಲೆ ಬರಲೇ ಇಲ್ಲ. ಅಗ್ಗ ಅಂತ ತೆಳು ಪೈಪ್ ಇಳಿಸಿದ್ದೆವು. ಮಳೆಗಾಲದಲ್ಲಿ ಹೊರಗೆ ನೀರು, ಕೆಸರು. ಒಳಗೆ ನೀರಿನ ಮಟ್ಟ ಕೆಳಗೆ ಹೋಗಿತ್ತು. ಹಾಕಿದ ದಿನ ಏನೂ ಆಗಿರಲಿಲ್ಲ, ನೋಡಮ್ಮ. ಪಿವಿಸಿ ನಿಧಾನಕ್ಕೆ ಬಗ್ಗುತ್ತಾ ಹೋಗುತ್ತೆ. ಇನ್ನೊಂದು ತುಂಡನ್ನು ಕಡಿಮೆ ಒತ್ತಡದಲ್ಲೇ ನಾಲ್ಕು ದಿನ ಬಿಟ್ಟು ನೋಡು. ಬಂದ ಅಂಕಿ ಇಲ್ಲೇ ಹಾಕು, ಹೊಸ ಬೋರ್ ಕೊರೆಸುವ ಮೊದಲು ನಮಗೂ ಬೇಕು.